ಎಫ್8 ಕೀಗೊಂದು ಕೆಲಸ

ಇಸವಿ 2231, ಹದಿನಾಲ್ಕನೆಯ ತಿಂಗಳು, ಉರಿಗಾಲ
ಕೆಳಗಿನ ವಿಜಯಪುರ

ಪೂಜ್ಯ ನೀಲಗಂಗಾ ಅಜ್ಜಿಯವರಿಗೆ, ದಾಕ್ಷಾಯಿಣಿ ಮಾಡುವ ನಮಸ್ಕಾರಗಳು.

ಇದಾದ ಮೇಲೆ ‘ಇತ್ತ ನಾವೆಲ್ಲರೂ ಕ್ಷೇಮ’ ಎಂದು ಬರೆಯಬೇಕು. ನಿಮ್ಮ ಕಾಲದಲ್ಲೂ ಪತ್ರಗಳು ಹಾಗೆಯೇ ಶುರುವಾಗುತ್ತಿದ್ದವಂತೆ, ಕಾಲೇಜಿನಲ್ಲಿ ಓದಿದ್ದೇನೆ. ಆ ಸಾಲನ್ನು ಬರೆಯಲು ನನ್ನ ಕೈ ಏಳುತ್ತಿಲ್ಲ. ಯಾಕೆಂದು ಕೆಳಗೆ ಹೇಳುತ್ತೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಹುಟ್ಟಿದಾಗಿನಿಂದ ಇವನ್ನೇ ಆಡಿಕೊಂಡು ಬಂದಿದ್ದೇನೆ. ಅಜ್ಜಿ ಎಂದದ್ದಕ್ಕೂ ಕ್ಷಮಿಸಿ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿರಿಯರು, ಆದರೆ ಈ ಪತ್ರ ತಲುಪುವ ದಿನ ನಿಮಗೆ ನನ್ನದೇ ವಯಸ್ಸು. ನಿಮ್ಮ ಮಡಿಲಲ್ಲೂ ಒಂದು ಕೂಸಿದೆ, ನೀವೂ ನಿದ್ದೆ ಕಂಡು ಬಹಳ ದಿನವಾಗಿದೆ.

ಇದು ಮೋಸದ ಮೇಲ್ ಅಲ್ಲ. ಲಾಟರಿ ಹೊಡೆದಿದೆ ಎನ್ನುವುದಿಲ್ಲ, ಓಟಿಪಿ ಕೇಳುವುದಿಲ್ಲ. ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಕಳೆದುಹೋದ ಕಾಲಕ್ಕೆ ಒಬ್ಬರು ಬದುಕಿನಲ್ಲಿ ಒಂದೇ ಸಲ ಒಂದು ಪತ್ರ ಕಳಿಸಬಹುದು. ಸಾಮಾನ್ಯವಾಗಿ ಜನ ಅದನ್ನು ಮುಪ್ಪಿಗೆ ಉಳಿಸಿಕೊಂಡು, ಸತ್ತ ತಾಯಿಗೋ, ಮಾತು ಬಿಟ್ಟ ಗೆಳತಿಗೋ ಬರೆಯುತ್ತಾರೆ. ನಾನು ನನ್ನದನ್ನು ಈಗಲೇ ಖರ್ಚು ಮಾಡುತ್ತಿದ್ದೇನೆ. ಕಂಪ್ಯೂಟರಿಗೆಂದು ನೀವು ಬರೆದ ಎಂಟು ಸಾಲಿನ ಸ್ಕ್ರಿಪ್ಟಿನ ನೆತ್ತಿಯಲ್ಲಿ ನಿಮ್ಮ ಹೆಸರೂ ಆ ದಿನದ ತಾರೀಖೂ ಇದ್ದವು. ಅದೇ ನನಗೆ ಸಿಕ್ಕ ವಿಳಾಸ.

ನಾವು ಬದುಕುವುದು ಹಗೇವುಗಳಲ್ಲಿ. ನಿಮ್ಮ ಹಿರಿಯರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೆ ಆ ಹೆಸರಿತ್ತು. ಈಗ ಅದರಲ್ಲಿ ಜೋಳದ ಬದಲು ನಾವಿದ್ದೇವೆ. ಗೋಡೆಗೆ ಸುಣ್ಣ, ನೆಲಕ್ಕೆ ಹಾಸುಗಲ್ಲು, ಮೇಲೆ ಬೆಳೆದೀಪ. ಆ ದೀಪದ ಬೆಳಕಿನಲ್ಲೇ ಮೊಣಕಾಲೆತ್ತರದ ಜೋಳ ಬೆಳೆದುಕೊಳ್ಳುತ್ತೇವೆ. ರೊಟ್ಟಿ ತೆಳ್ಳಗಾಗುತ್ತದೆ, ಆದರೂ ಬಡಿಯುವ ಸದ್ದು ನಿಮ್ಮ ಕಾಲದ್ದೇ ಎಂದು ನಮ್ಮತ್ತೆ ಬಸಲಿಂಗವ್ವ ಹೆಮ್ಮೆಪಡುತ್ತಾರೆ. ಇಲ್ಲಿ ಹಗಲು ರಾತ್ರಿ ಎಂಬುದಿಲ್ಲ. ದೀಪದ ಬಣ್ಣ ಬದಲಾದರೆ ಏಳುತ್ತೇವೆ, ಬದಲಾದರೆ ಮಲಗುತ್ತೇವೆ. ಉರಿಗಾಲ ಬಂತೆಂದರೆ ಪ್ರತಿ ಮನೆಯ ಕಲ್ಲುಬಾಗಿಲಿಗೂ ಹೊರಗಿನಿಂದ ಬೆಸುಗೆ ಬೀಳುತ್ತದೆ. ಓಣಿಯಲ್ಲಿ ಹರಿಯುವ ಬಿಸಿಗಾಳಿ ಒಳಗೆ ಬಂದರೆ ನೀರಿನ ಗಡಿಗೆಯೇ ಕುದಿಯುತ್ತದೆ. ಗಂಡಸರು ಮೇಲ್ಗಾವಲಿಗೆ ಹೋಗಿರುತ್ತಾರೆ, ನನ್ನ ಗಂಡ ಈರಣ್ಣನೂ ಅಲ್ಲಿಯೇ. ಮನೆಯೊಳಗೆ ಉಳಿದಿರುವುದು ನಾನು, ಅತ್ತೆ, ಮತ್ತು ನನ್ನ ಮಗಳು ಸುವ್ವಿ. ಈಗಷ್ಟೇ ಕೂರಲು ಕಲಿತಿದ್ದಳು.

ಮನೆಗೆ ಗಾಳಿ ಬಿಡುವುದು ಉಸಿರ್ಗಾವಲು ಎಂಬ ಯಂತ್ರ. ಆಗಾಗ ಅದರ ಪರದೆಯ ಮೇಲೆ ಒಂದು ಕಿಟಕಿ ತೆರೆದು ಕೇಳುತ್ತದೆ: ‘ಕ್ಷೇಮವೇ?’ ಕೆಳಗೆ ಎರಡು ಗುಂಡಿ. ‘ಕ್ಷೇಮ’ ಒತ್ತಿದರೆ ಮುಂದಿನ ಪ್ರಶ್ನೆಯವರೆಗೆ ಗಾಳಿ. ‘ಇಲ್ಲ’ ಒತ್ತಿದರೂ ಗಾಳಿ ಬರುತ್ತದೆ. ಜೊತೆಗೆ ಬಾಗಿಲಿಗೆ ತಂಪುಕೊಳವೆ ಬಂದು ಕೂರುತ್ತದೆ, ಬೆಸುಗೆ ಬಿಡುತ್ತದೆ, ವೈದ್ಯರು ಇಳಿದು ಬರುತ್ತಾರೆ. ಬೇರೆ ಯಾವ ರೀತಿಯಲ್ಲೂ ಆ ಬಾಗಿಲು ತೆರೆಯದು. ಉತ್ತರ ಕೊಡದಿದ್ದರೆ ಹಾಲು ಕಾಯಿಸುವಷ್ಟು ಹೊತ್ತಿನ ಗಾಳಿ ಉಳಿದಿರುತ್ತದೆ, ಆಮೇಲೆ ಇಲ್ಲ.

ಆದರೆ ಆ ಗುಂಡಿಗಳನ್ನು ನಾವು ಯಾರೂ ಒತ್ತುವುದಿಲ್ಲ. ಕಿಟಕಿ ತೆರೆದ ಕ್ಷಣವೇ ಬಾಣದ ಗುರುತು ತಾನೇ ಓಡಿಹೋಗಿ ‘ಕ್ಷೇಮ’ದ ಮೇಲೆ ಕುಳಿತು ಒತ್ತಿಬಿಡುತ್ತದೆ. ಯಂತ್ರದ ಸ್ವಭಾವವೇ ಹೀಗೆ, ಅದಕ್ಕೆ ನಮ್ಮ ಕ್ಷೇಮ ತಾನಾಗಿ ತಿಳಿಯುತ್ತದೆ ಎಂದು ಎಲ್ಲರೂ ನಂಬಿಕೊಂಡಿದ್ದೇವೆ. ಮಕ್ಕಳು ಅದಕ್ಕೆ ಬಾಣಮಾಮಾ ಎಂದು ಕೈಬೀಸುತ್ತಾರೆ.

ಮೊನ್ನೆ ಸುವ್ವಿಗೆ ಜ್ವರ ಬಂತು. ನಿನ್ನೆಯಿಂದ ಮೊಲೆ ಹಿಡಿಯುತ್ತಿಲ್ಲ. ಒದ್ದೆ ಬಟ್ಟೆಯ ತುದಿಯಿಂದ ಹನಿ ಹನಿ ನೀರು ಬಿಟ್ಟರೆ ಅರ್ಧ ಹೊರಗೆ ಹರಿಯುತ್ತದೆ. ನೆತ್ತಿ ಕುಳಿ ಬಿದ್ದಿದೆ. ನಾನು ಯಂತ್ರದ ಮುಂದೆ ಕುಳಿತು, ಮೌಸ್ ಹಿಡಿದು, ‘ಇಲ್ಲ’ದ ಮೇಲೆ ಬಾಣವನ್ನು ಇಟ್ಟುಕೊಂಡೇ ಕಾದೆ. ಕಿಟಕಿ ತೆರೆಯಿತು. ಬಾಣ ನನ್ನ ಕೈಯೊಳಗಿಂದಲೇ ಜಾರಿ ಪಕ್ಕಕ್ಕೆ ಹಾರಿತು. ಕ್ಷೇಮ. ಕಿಟಕಿ ಮುಚ್ಚಿತು. ಮತ್ತೆ ಕಾದೆ. ಕ್ಷೇಮ. ಕೀಬೋರ್ಡಿನಿಂದ ಪ್ರಯತ್ನಿಸಿದೆ, ಮೌಸಿನ ತಂತಿ ಕಿತ್ತೆ, ಪರದೆಗೆ ಹೊಡೆದೆ. ಕ್ಷೇಮ, ಕ್ಷೇಮ. ನನ್ನ ಮಗಳು ಕಣ್ಣು ಮೇಲೆ ಮಾಡುತ್ತಿರುವಾಗ ನನ್ನ ಮನೆಯ ಪರವಾಗಿ ಯಾರೋ ನಗುನಗುತ್ತ ಉತ್ತರ ಹೇಳುತ್ತಿದ್ದರು.

ಅತ್ತೆ ನನ್ನ ಕೈ ಹಿಡಿದು ಎಳೆದರು. “ಮನ್ಯಾಗ ಕುಂತು ಇಲ್ಲ ಅಂತ ಒತ್ತಬಾರದs ಯವ್ವಾ. ಅಕ್ಕಿ ತೀರಿದ್ರೂ ಹೆಚ್ಚಾಗೈತಿ ಅಂತೀವಿ, ಬಳಿ ಒಡದ್ರೂ ಹೆಚ್ಚಿತು ಅಂತೀವಿ. ಕೂಸಿನ ಮ್ಯಾಲ ಇಲ್ಲ ಅಂತಿ ಏನ?”

“ಅತ್ತಿ, ಇಲ್ಲ ಅನ್ನದಿದ್ರ ಡಾಕ್ಟರು ಬರೂದಿಲ್ಲ.”

“ಬಾಯಿಲೆ ಹೇಳು. ಕೊಳವ್ಯಾಗ ಕೂಗು. ಗುಂಡಿ ಮುಟ್ಟಬ್ಯಾಡ.”

ಮನೆಯಿಂದ ಮನೆಗೆ ಮಾತು ಒಯ್ಯುವ ತಗಡಿನ ಕೊಳವೆಯಿದೆ. ಕೂಗಿದೆ. ವೈದ್ಯ ಸಂಗಮೇಶರ ದನಿ ಬಂತು, ಬಹಳ ಮರ್ಯಾದಸ್ಥರು. “ಅಕ್ಕಾರ, ನಮ್ಮ ಕಡೆ ನಿಮ್ಮ ಮನಿ ಕ್ಷೇಮ ಅಂತ ತೋರಸಲಿಕ್ಕತ್ತದ್ರೀ.”

“ಅದು ಸುಳ್ಳು ಹೇಳತದರೀ. ನನ್ನ ಕೂಸು ಕಣ್ಣ ಬಿಡವಲ್ತು!”

“ಹಂಗಾರ ಇಲ್ಲ ಅಂತ ಒತ್ತರಿ, ಬಾಗಲಾ ತಾನ ತೆರೀತದ. ನಾ ಚೀಲಾ ಹಿಡಕೊಂಡು ನಮ್ಮ ಬಾಗಲದಾಗ ನಿಂತೀನಿ. ಒಡದು ಬರ್ತೀನಂದ್ರ ಬಿಸಿಗಾಳಿ ನನಗಿಂತ ಮೊದಲ ಒಳಗ ಬರ್ತದ.” ಅವರೇ ಮತ್ತೆ ಹೇಳಿದರು: “ಅಕ್ಕಾರ, ನಾ ಈ ಕೆಲಸಕ್ಕ ಬಂದಾಗಿಂದ ಒಂದ ಮನಿನೂ ಇಲ್ಲ ಅಂದಿದ್ದು ನೋಡಿಲ್ಲರೀ. ಭಾಳ ಆರೋಗ್ಯದ ಊರು ಅನ್ಕೊಂಡಿದ್ದೆ.”

ಆಗ ನನಗೆ ಭಯ ಹತ್ತಿತು, ಅಜ್ಜಿ. ಕಾಲೇಜಿನಲ್ಲಿ ನಾನು ಹಳೆಗಂಪ್ಯೂಟರ್ ಭಾಷೆಗಳನ್ನು ಓದಿದವಳು. ಅದರಿಂದ ಏನು ಉಪಯೋಗ ಎಂದು ಮದುವೆಯಲ್ಲಿ ಎಲ್ಲರೂ ನಕ್ಕಿದ್ದರು. ಯಂತ್ರದ ಒಳಪದರಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ನಾವು ಏನನ್ನೂ ಕೆಡವಿ ಕಟ್ಟಿದವರಲ್ಲ. ಹಳೆಯ ಅಡಿಪಾಯದ ಮೇಲೆ ಹೊಸ ಗೋಡೆ, ಹಳೆಯ ಕಂಪ್ಯೂಟರನ್ನು ಇಡಿಯಾಗಿ ಹೊಸದರ ಹೊಟ್ಟೆಯೊಳಗೆ. ಎಲ್ಲಕ್ಕಿಂತ ತಳದಲ್ಲಿ ನಿಮ್ಮ ಎಂಟು ಸಾಲು ಉಸಿರಾಡುತ್ತಿದ್ದವು. ಕಿಟಕಿ ಹುಡುಕು. ಸಿಕ್ಕರೆ ಬಾಣವನ್ನು ಮೊದಲ ಗುಂಡಿಗೆ ಒಯ್ಯಿ. ಒತ್ತು. ಕಾಯಿ. ಮತ್ತೆ ಮೊದಲಿನಿಂದ. ಕೊನೆಯಿಲ್ಲದ ಲೂಪು. ನೆತ್ತಿಯಲ್ಲಿ ನಿಮ್ಮದೇ ಮಾತು: ‘ಆಸ್ಪತ್ರೆಯವರ ಕಿಟಕಿ ಪಾಪು ಹೇಗಿದೆ ಅಂತ ಕೇಳ್ತಾನೇ ಇರುತ್ತೆ, ನಾನು ಟೈಪಿಂಗ್ ಕೆಲಸ ಮುಗಿಸೋದು ಯಾವಾಗ. ಇದು ನನ್ನ ಬದಲು ಒತ್ತಲಿ. ಪಾಜ್ ಮಾಡೋ ಕೀ ನಾಳೆ ಸೇರಿಸಬೇಕು.’

ಆ ನಾಳೆ ನಿಮಗೆ ಸಿಗಲಿಲ್ಲ. ನಾನು ನಿಮ್ಮನ್ನು ದೂರುತ್ತಿಲ್ಲ. ಕೂಸನ್ನು ಎದೆಗೆ ಹಾಕಿಕೊಂಡು ಒಂದೇ ಕೈಯಲ್ಲಿ ಎಂಟು ಸಾಲು ಬರೆದದ್ದೇ ದೊಡ್ಡದು. ಚೆನ್ನಾಗಿತ್ತು, ಅದಕ್ಕೇ ಓಣಿಯ ಬಾಣಂತಿಯರೆಲ್ಲ ನಿಮ್ಮಿಂದ ಕೇಳಿ ಹಾಕಿಕೊಂಡಿರಬೇಕು. ಅವರಿಂದ ಅವರ ಮಕ್ಕಳಿಗೆ, ಅಲ್ಲಿಂದ ನಮ್ಮ ಗೋಡೆಗೆ. ‘ಇಲ್ಲ’ ಗುಂಡಿ ಕೆಲಸ ಮಾಡುತ್ತಿಲ್ಲ ಎಂದು ಇಷ್ಟು ತಲೆಮಾರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಮನೆಯ ಬಗ್ಗೆ ‘ಇಲ್ಲ’ ಎನ್ನಲು ಯಾರೂ ಕೈ ಚಾಚಲೇ ಇಲ್ಲ. ಉರಿಗಾಲದಲ್ಲಿ ಕೂಸುಗಳು ಹೋದವು. ಕಾಲವೇ ಕೆಟ್ಟದ್ದು ಎಂದರು, ಅಷ್ಟೇ.

ಇದನ್ನೆಲ್ಲ ನಾನು ಕೊಳವೆಯಲ್ಲಿ ಪಕ್ಕದ ಮನೆಯ ಕಾಶವ್ವಕ್ಕನಿಗೆ ಹೇಳಿದೆ. ಯಾವಾಗಲೂ ನನ್ನನ್ನು ಕಾಡಿಸುವವರು. ಮೊದಲು ಅಂದರು, “ನಿನ್ನ ಓದು ಕಡೀಕೂ ಉಪಯೋಗಕ್ಕ ಬಂತು ಬಿಡು ಪಂಡಿತ್ಯಾ.” ಹೋದ ಉರಿಗಾಲದಲ್ಲಿ ಅವರ ಗಂಡುಕೂಸು ಹೋಗಿತ್ತು. ಆಮೇಲೆ ಬಂದ ದನಿ ಕಾಶವ್ವಕ್ಕನ ದನಿಯಂತಿರಲಿಲ್ಲ: “ದಾಕ್ಷಾಣಿ, ನಾನೂ ಆವತ್ತ ಗುಂಡಿ ಮುಂದ ಕುಂತಿದ್ದೆ. ಕೈ ಎತ್ತಲಿಲ್ಲ. ಬಾಣಮಾಮಾ ಕ್ಷೇಮ ಅಂತು, ನಾನೂ ಹೌದು ಅನ್ಕೊಂಡೆ.” ಕೊಳವೆಯ ಆ ತುದಿಯಲ್ಲಿ ಅವರ ಉಸಿರು ಮಾತ್ರ ಕೇಳುತ್ತಿದೆ. ಎದ್ದು ಹೋಗಿಲ್ಲ.

ನೀವು ಕೇಳಬಹುದು, ನೀನೇ ಯಾಕೆ ತಿದ್ದಬಾರದು ಎಂದು. ತಿದ್ದಿದೆ. ಆದರೆ ಓಡುತ್ತಿರುವುದು ಹಳೆಯದೇ, ಹೊಸದು ಹಿಡಿಯಬೇಕಾದರೆ ಇಡೀ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಬೇಕು. ಆರಿಸಿದರೆ ಗಾಳಿಯ ಕದ ಮುಚ್ಚುತ್ತದೆ. ಯಂತ್ರ ಮತ್ತೆ ಏಳಲು ಒಂದು ಹೊತ್ತು ಬೇಕು, ನಮ್ಮಲ್ಲಿರುವ ಉಸಿರು ಅಷ್ಟಿಲ್ಲ. ಸುವ್ವಿಯಲ್ಲಂತೂ ಇಲ್ಲ. ಆದ್ದರಿಂದ ಬರೆದದ್ದನ್ನು ಅಳಿಸಿಬಿಡಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಾವು ನಿದ್ದೆ ಹೋದಾಗ ನಮ್ಮ ಪರವಾಗಿ ಉತ್ತರಿಸಿ ಗಾಳಿ ತರಿಸುವುದೂ ಅದೇ ಕೈ. ಅದು ಇರಲಿ. ನಾನು ಮಾತಾಡಬೇಕೆಂದಾಗ ಒಂದು ಸಲ ಸುಮ್ಮನಿದ್ದರೆ ಸಾಕು.

ದಯವಿಟ್ಟು ಹೀಗೆ ಮಾಡಿ. ಎಫ್8 ಕೀಗೆ ಈ ಕೆಲಸ ಕೊಡಿ. ನಮ್ಮ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಇನ್ನೂ ಗಟ್ಟಿಯಾಗಿರುವುದು ಅದೊಂದೇ, ಉಳಿದವು ಉದುರಿವೆ. ಒಮ್ಮೆ ಒತ್ತಿದರೆ ಸ್ಕ್ರಿಪ್ಟ್ ಇದ್ದಲ್ಲೇ ತಡೆಯಲಿ, ಮತ್ತೊಮ್ಮೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯಲಿ. ಮುಚ್ಚಿಹೋಗುವುದು ಬೇಡ, ಮುಚ್ಚಿದರೆ ಮತ್ತೆ ಎಬ್ಬಿಸಲಾಗದು. ಪರದೆಯ ಮೇಲೆ ಬೇರೆ ಯಾವ ಕಿಟಕಿ ತೆರೆದಿದ್ದರೂ ಆ ಕೀ ಕೇಳಿಸಬೇಕು. ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಪಾಜ್ ಆಗಿದೆಯೇ ಎಂದು ಲೂಪಿನ ಆರಂಭದಲ್ಲಿ ಮಾತ್ರ ಕೇಳಿದರೆ ಸಾಲದು, ಒತ್ತುವುದಕ್ಕೆ ಮೊದಲೂ ಕೇಳಬೇಕು. ಕಾಯುವ ಸಮಯವನ್ನು ಚೂರು ಚೂರು ಮಾಡಿ, ಪ್ರತಿ ಚೂರಿಗೂ ಒಮ್ಮೆ ಅದು ಕಿವಿಗೊಡಲಿ. ಉದ್ದಕ್ಕೆ ಮಲಗುವ ಸ್ಕ್ರಿಪ್ಟಿಗೆ ಯಾರು ಕೂಗಿದರೂ ಕೇಳಿಸುವುದಿಲ್ಲ. ಹೆಚ್ಚೆಂದರೆ ಐದಾರು ಸಾಲು. ನಿಮ್ಮ ಕಡೆ ಬದಲಾದದ್ದು ನಮ್ಮ ಕಡೆ ಕೂಡಲೇ ಬದಲಾಗುತ್ತದೆ ಎಂದು ಹಿಂದಂಚೆಯವರು ಹೇಳುತ್ತಾರೆ.

ಅತ್ತೆ ಈಗ ಸುವ್ವಿಯನ್ನು ಎತ್ತಿಕೊಂಡು ನನ್ನ ಪಕ್ಕದಲ್ಲೇ ಬಂದು ಕುಳಿತಿದ್ದಾರೆ. ನಾನು ಬರೆಯುತ್ತಿರುವುದನ್ನು ನೋಡುತ್ತಿದ್ದವರು ಇದೀಗ ಹೇಳಿದರು: “ಅಜ್ಜಿಗೆ ನನ್ನ ಶರಣು ಅಂತ ಬರಿ. ಕೀ ಬಂತಂದ್ರ ಇಲ್ಲ ಅಂತ ನಾನs ಒತ್ತತೀನಿ. ಪಾಪ ಬಂದ್ರ ಮುದುಕಿಗೆ ಬರಲಿ.”

ನನ್ನ ಎಡಗೈ ಬೆರಳು ಎಫ್8 ಮೇಲಿದೆ. ಒತ್ತುತ್ತಲೇ ಇದ್ದೇನೆ, ಇನ್ನೂ ಏನೂ ಆಗುತ್ತಿಲ್ಲ.

ಅಜ್ಜಿ, ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಪಾಪು ಎದ್ದು ಅಳಲು ಶುರು ಮಾಡಬಹುದು. ನಾಳೆ ನೋಡೋಣ ಎಂದು ನೀವು ಕುರ್ಚಿ ಬಿಟ್ಟು ಏಳುವುದು ಆಗಲೇ ಇರಬೇಕು. ಏಳಬೇಡಿ. ತಾಯಿಯೊಬ್ಬಳು ಇನ್ನೊಬ್ಬ ತಾಯಿಯನ್ನು ಇದನ್ನು ಕೇಳಬಾರದು, ಆದರೂ ಕೇಳುತ್ತಿದ್ದೇನೆ. ಆ ಐದಾರು ಸಾಲು ಮುಗಿಯುವವರೆಗೆ ಅದು ಅಳಲಿ. ಅಳುವ ಕೂಸಿಗೆ ಏನೂ ಆಗುವುದಿಲ್ಲ. ನನ್ನದು ಬೆಳಗಿನಿಂದ ಅತ್ತಿಲ್ಲ.

ನಿಮ್ಮ
ದಾಕ್ಷಾಯಿಣಿ