ಹಿಂದುಮುಂದಾದ ಬೂಟು

ಫೆಬ್ರವರಿ ೧೯, ೧೮೦೦. ಬುಧವಾರ

ಜೋಳದ ಗಂಜಿ ಕಾಯಿಸಿದೆ. ಮತ್ತೆ ಇಬ್ಬರಿಗಾಗುವಷ್ಟು. ಸುಗ್ಗಿ ಮುಗಿದ ಮೇಲೆ ಹೊರಟ ನನ್ನ ಗಂಡ ಎನೋಕನ ಹಡಗು ಬಂದಿಲ್ಲ. ಕೈಗೆ ಇನ್ನೂ ಅದು ಗೊತ್ತಾಗಿಲ್ಲ.

ಚರ್ಚಿನ ಹಿರಿಯರು, ಡೀಕನ್ ಪೆಲೆಗ್ ಬಂದಿದ್ದರು. ಶನಿವಾರ ಜನರಲ್ ವಾಷಿಂಗ್ಟನ್ ಹುಟ್ಟಿದ ದಿನ. ತೀರಿಕೊಂಡ ಅವರಿಗಾಗಿ ಅಂದು ದೇಶವೆಲ್ಲ ಶೋಕ. ನಮ್ಮೂರಲ್ಲೂ ಮೆರವಣಿಗೆ — ಖಾಲಿ ಶವಪೆಟ್ಟಿಗೆ, ಸವಾರನಿಲ್ಲದ ಕುದುರೆ, ಸವಾರ ಕಾಲಿಡುವ ರಿಕಾಪಿನಲ್ಲಿ ಹಿಂದುಮುಂದಾಗಿ ಸಿಕ್ಕಿಸಿದ ಬೂಟು.

"ಎನೋಕನ ಉದ್ದ ಬೂಟು ಕೊಡಮ್ಮ ಕೆಜಾಯ. ಊರಲ್ಲಿ ಅಂಥದ್ದು ಇನ್ಯಾರ ಹತ್ರ ಇದೆ?"

"ಬಂದ್ರೆ ಬೇಕಾಗುತ್ತೆ ಅವನಿಗೆ."

"ಇನ್ನೆಲ್ಲಿ ಬರ್ತಾನಮ್ಮ..."

"ಹೆಣ ನೋಡಿದೋರು ಯಾರು?"

"ಜನರಲ್ ಪೆಟ್ಟಿಗೇನೂ ಖಾಲೀನೇ ಅಲ್ವೇನಮ್ಮ?"

ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ಫೆಬ್ರವರಿ ೨೦

ಪಕ್ಕದ ಮನೆ ಹುಲ್ಡಾ ಬೈದಳು. "ಕೊಡಬೇಡ ಕಣೇ. ಬೂಟು ಹಿಂದುಮುಂದು ಮಾಡೋದು ಸತ್ತೋರಿಗೆ. ನೀನೇ ಗಂಡನ್ನ ಮುಳುಗಿಸಿದ ಹಾಗಾಗುತ್ತೆ. ಪೆಲೆಗ್ ತನ್ನದೇ ಹಾಕ್ಲಿ."

"ಅವರದು ಹರಿದಿದೆಯಂತೆ."

"ಹರೀದೆ ಏನು, ಆ ಪಾದಕ್ಕೆ! ನೋಡಿದ್ರೆ ಕುದುರೇನೂ ನಗುತ್ತೆ."

ನಕ್ಕೆ. ಎಷ್ಟೋ ದಿನಕ್ಕೆ.

ಸಂಜೆ ಬೂಟಿಗೆ ಕೊಬ್ಬು ತಿಕ್ಕಿದೆ. ಹೊಸದು, ಸಮುದ್ರಕ್ಕೆ ಬೇಡ ಎಂದು ಬಿಟ್ಟು ಹೋಗಿದ್ದ. ಕಾಯುವುದು ಸಾಕಾಗಿದೆ. ಕೊಟ್ಟುಬಿಟ್ಟೆ.

ಫೆಬ್ರವರಿ ೨೨, ಮಧ್ಯಾಹ್ನ

ಒಣ ಚಳಿ. ಮೋಡವಿಲ್ಲ, ದಾರಿ ಕಲ್ಲಿನ ಹಾಗೆ ಗಟ್ಟಿ.

ಪಾದ್ರಿಗಳ ಮಾತು ಚೆನ್ನಾಗಿತ್ತು. ಜನರಲ್ ಯುದ್ಧ ಗೆದ್ದರು. ಪರದೇಶದ ಜಗಳಕ್ಕೆ ನಮ್ಮ ಗಂಡಸರನ್ನು ತಳ್ಳಲಿಲ್ಲ. ಕಡಲದಂಡೆಯ ದೀಪಗಳನ್ನು ಸರ್ಕಾರವೇ ನೋಡಿಕೊಳ್ಳುವಂತೆ ಮಾಡಿದರು — ಹೋದವರು ಮನೆಗೆ ಬರಲಿ ಎಂದು. ಎರಡು ಸಲ ಆಳಿ, ಯಾರೂ ಎಬ್ಬಿಸದೆ ತಾವೇ ಎದ್ದು ಮನೆಗೆ ಹೋದರು.

ಮನೆ ಎಂದಾಗಲೆಲ್ಲ ಕುದುರೆ ನಮ್ಮ ಬೀದಿಯತ್ತ ಕತ್ತು ತಿರುಗಿಸಿತು. ಆಮೇಲೆ ನಮ್ಮ ಬಾಗಿಲ ಮುಂದೆ ನಿಂತೇಬಿಟ್ಟಿತು. ಬೆನ್ನು ಬಗ್ಗಿತ್ತು.

"ನಡಿಯೇ! ಮೇಲೆ ಯಾರೂ ಇಲ್ಲ, ಏನ್ ಭಾರ ನಿಂಗೆ!" ಎಂದು ಡೀಕನ್ ಹಗ್ಗ ಜಗ್ಗಿದರು.

ಬೂಟು ವಾಪಸು ಬಂದಿದೆ. ಒಳಗೆ ಒದ್ದೆ. ಬೆರಳು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

"ಕುದುರೆ ಬೆವರು ಕಣೇ," ಎಂದಳು ಹುಲ್ಡಾ.

ಬೆವರಲ್ಲಿ ಮರಳಿರುತ್ತದೆಯೇ?

ಫೆಬ್ರವರಿ ೨೩

ನಿನ್ನೆ ಬೂಟನ್ನು ಬಾಗಿಲ ಬಳಿ, ಮೂತಿ ಹೊರಗೆ ಮಾಡಿ ಇಟ್ಟಿದ್ದೆ. ಎನೋಕ್ ಇಡುತ್ತಿದ್ದ ಹಾಗೆ. ಬೆಳಿಗ್ಗೆ ಮೂತಿ ಒಳಗಿತ್ತು.

ಗಂಜಿಯ ಪಾತ್ರೆ ಖಾಲಿ.

ಫೆಬ್ರವರಿ ೨೬

ಹೊರಗೆ ತಿರುಗಿಸುತ್ತೇನೆ. ಬೆಳಗಾದರೆ ಒಳಗೆ. ನೆಲದ ಮೇಲೆ ನೀರು.

ಹುಲ್ಡಾಗೆ ತೋರಿಸಿದೆ. ಈ ಸಲ ಬೆವರು ಎನ್ನಲಿಲ್ಲ. ಹೊಸ್ತಿಲು ದಾಟಲೂ ಇಲ್ಲ.

"ಬೂಟು ತಿರುಗಿಸಿ ಕರೆದಿದ್ದೀಯ, ನೀನೇ ಕಳಿಸಬೇಕು. ಮೂತಿ ಹೊರಗೆ ಮಾಡಿ, ಹೋಗು ಅನ್ನು. ಅಷ್ಟೇ. ಹೋಗಿ ಬಾ ಅಂದೀಯೆ ಮತ್ತೆ!"

ಜನರಲ್‌ಗೆ ಹೋಗು ಎಂದು ಯಾರೂ ಹೇಳಬೇಕಾಗಲಿಲ್ಲ.

ಫೆಬ್ರವರಿ ೨೭, ಬೆಳಿಗ್ಗೆ

ಗಂಜಿ ಒಬ್ಬಳಿಗೇ ಕಾಯಿಸಿದೆ. ಆಮೇಲೆ ಬೂಟು ಎತ್ತಿದೆ. ಒಳಗೆ ಕೈ ಹೋಯಿತು. ಬೆಚ್ಚಗಿತ್ತು, ಈಗ ತಾನೇ ಕಾಲು ತೆಗೆದ ಹಾಗೆ.

ಮೂತಿ ಹೊರಗೆ ಮಾಡಿದೆ. ಹೋಗು ಎನ್ನಲು ಬಾಯಿ ತೆರೆದೆ. ಮದುವೆಯಾದಂದಿನಿಂದ ಆ ಬಾಗಿಲಲ್ಲಿ ನಿಂತು ಏನು ಹೇಳುತ್ತಿದ್ದೆನೋ ಅದೇ ಬಂತು.

ಹೋಗಿ ಬಾ.

ಹೆಜ್ಜೆ ಸದ್ದು ಬೀದಿಯ ಕೊನೆವರೆಗೆ ಕೇಳಿಸಿತು. ಅಲ್ಲಿ ನಿಂತಿತು. ಈಗ ಮತ್ತೆ —