ಕಪ್ಪು ಬಳಿದ ಪ್ರತಿ

ಜೂನ್ 3, ಸೋಮವಾರ

ವೃದ್ಧಾಶ್ರಮಗಳ ದೂರು ನೋಡುವ ನಮ್ಮ ಆಫೀಸಿಗೆ ಇವತ್ತು ಬಂದ ನಾಲ್ಕನೇ ದೂರು. ಮೊದಲ ಮೂರು ಮಾಮೂಲು: ತಣ್ಣಗಾದ ಊಟ, ಕಳೆದ ಕನ್ನಡಕ, ಅದಲುಬದಲಾದ ಹಲ್ಲಿನ ಸೆಟ್ಟು. ಇದು ಬೇರೆ. ವೃದ್ಧಾಶ್ರಮದಲ್ಲಿರುವ ರಿಟೈರ್ಡ್ ಬಸ್ ಕಂಡಕ್ಟರ್ ಒಬ್ಬರು ಬರೆದದ್ದು. ನಾಲ್ಕು ಪುಟ. ಪಕ್ಕದ ಹಾಸಿಗೆಯವರಿಗೆ ಲಕ್ವ ಹೊಡೆದು ಮಾತು ಹೋಗಿದೆಯಂತೆ. ದಿನವಿಡೀ ಒಂದೇ ಮಗ್ಗುಲಲ್ಲಿ, ಒದ್ದೆಯಲ್ಲೇ ಬಿಡುತ್ತಾರಂತೆ. ಬೆನ್ನೆಲ್ಲ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದೇವೆ ಎಂದು ಚಾರ್ಟಿನಲ್ಲಿ ಸಹಿ ಮಾತ್ರ ಬೀಳುತ್ತದೆ. ಕೊನೆಯ ಸಾಲು: ನನ್ನ ಹೆಸರು ಹೊರಗೆ ಬರಬಾರದು, ನಾನು ಇಲ್ಲೇ ಬದುಕಬೇಕು.

ರೂಲ್ ಪ್ರಕಾರ ದೂರಿನ ಪ್ರತಿ ಆಶ್ರಮಕ್ಕೆ ಹೋಗಬೇಕು, ಅವರು ಉತ್ತರ ಕೊಡಬೇಕು. ಹೆಸರು, ಸಹಿ, ರೂಮ್ ನಂಬರ್... ಮೂರಕ್ಕೂ ಮಾರ್ಕರಿನಲ್ಲಿ ಕಪ್ಪು ಬಳಿದೆ. ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಟಪಾಲಿಗೆ ಹಾಕಿದೆ.

ಜೂನ್ 6, ಗುರುವಾರ

ಕಂಡಕ್ಟರ್ ಫೋನು. ಕಾರಿಡಾರಿನ ತುದಿಯವರೆಗೆ ವಾಕರ್ ಹಿಡಿದು ಬಂದು ಮಾತಾಡುತ್ತಿದ್ದಾರಂತೆ. ಮೂವತ್ತು ವರ್ಷ ಊರವರಿಗೆಲ್ಲ ಒಳಗೆ ಸರೀರಿ, ಸರೀರಿ ಅಂದವನಿಗೆ ಈಗ ಒಬ್ಬ ಮನುಷ್ಯನನ್ನು ಆ ಕಡೆಗೆ ಸರಿಸಲು ಆಗುತ್ತಿಲ್ಲ ಎಂದು ನಕ್ಕರು. ನಾನೂ ನಕ್ಕೆ. ಯಾವಾಗ ಬರ್ತೀಯಮ್ಮ ಎಂದು ಕೇಳಿದರು. ಮುಂದಿನ ಗುರುವಾರ ಎಂದೆ.

ಜೂನ್ 13, ಗುರುವಾರ, ಸಂಜೆ

ಹೋಗಿ ಬಂದೆ.

ಕಂಡಕ್ಟರ್ ಮಲಗಿದ್ದರು. ವಾಕರ್ ಇಲ್ಲ, ಬೀಳ್ತಾರೆ ಅಂತ ತೆಗೆದಿಟ್ಟಿದ್ದಾರಂತೆ. ಫೋನೂ ಇಲ್ಲ. ನನ್ನ ಬೆನ್ನ ಹಿಂದಿದ್ದ ಮ್ಯಾನೇಜರಮ್ಮನನ್ನು ನೋಡುತ್ತಲೇ, ತಾನು ಯಾವ ದೂರೂ ಕೊಟ್ಟಿಲ್ಲ, ಇಲ್ಲಿ ಎಲ್ಲ ಚೆನ್ನಾಗಿದೆ ಎಂದರು. ಗಿಣಿಪಾಠ. ದೂರು ವಾಪಸ್ ಪಡೆದ ಪತ್ರವನ್ನು ಆಕೆ ರೆಡಿ ಇಟ್ಟಿದ್ದಳು. ಕೆಳಗೆ ಹೆಬ್ಬೆಟ್ಟು. ನಾಲ್ಕು ಪುಟ ಬರೆದ ಮನುಷ್ಯನ ಹೆಬ್ಬೆಟ್ಟು!

ಬಾಗಿಲ ಹತ್ತಿರ ಮೆಲ್ಲಗೆ ಕೇಳಿದಳು: "ಲಕ್ವದವರು ಇಲ್ಲಿರೋದು ಒಬ್ರೇ. ರೂಮಲ್ಲಿ ಎರಡೇ ಹಾಸಿಗೆ. ಇನ್ಯಾರು ಬರೀತಾರೆ ಮೇಡಂ?"

ಲಕ್ವದ ಸಾಲಿಗೆ ನಾನು ಕಪ್ಪು ಬಳಿದಿರಲಿಲ್ಲ. ಹತ್ತೊಂಬತ್ತು ವರ್ಷದ ಸರ್ವೀಸು, ಥೂ. ನಂಬಿದವರನ್ನು ನಾನೇ ಕೈಯಾರೆ ಬಾವಿಗೆ ತಳ್ಳಿದೆ.

ಜೂನ್ 14, ಶುಕ್ರವಾರ

ದೂರು ವಾಪಸ್ ಆಗಿದೆ, ಫೈಲ್ ಮುಚ್ಚಿ ಎಂದರು ಸಾಹೇಬರು. ಒಂದೇ ದಾರಿ ಇದೆ. ದೂರುದಾರರ ಗುರುತು ನಮ್ಮ ಆಫೀಸಿನಿಂದಲೇ ಬಯಲಾದರೆ ಅವರನ್ನು ಕೂಡಲೇ ಬೇರೆ ಆಶ್ರಮಕ್ಕೆ ಸಾಗಿಸಬೇಕು ಎಂಬ ರೂಲು. ಆದರೆ ತಪ್ಪಾಯಿತು ಎಂದು ಯಾರಾದರೂ ಬರೆದುಕೊಡಬೇಕು. ಯಾರಾದರೂ ಅಂದರೆ ನಾನು. ಸಸ್ಪೆನ್ಷನ್ ಗ್ಯಾರಂಟಿ.

"ನೆಗಡಿ ಆಯ್ತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರೇನಮ್ಮ?" ಎಂದರು ಸಾಹೇಬರು. ಯೋಚನೆ ಮಾಡುತ್ತೇನೆ ಎಂದು ಎದ್ದು ಬಂದೆ.

ಜೂನ್ 16, ಭಾನುವಾರ

ಅಕ್ಕನಿಗೆ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. "ನೀನು ಯೋಚ್ನೆ ಮಾಡೋವಷ್ಟು ಹೊತ್ತೂ ಆ ಮನುಷ್ಯ ಅಲ್ಲೇ ಇರ್ತಾನಲ್ಲೇ" ಎಂದಳು. ಅವಳ ಮೇಲೆ ರೇಗಿದೆ. ಊಟ ಸೇರಲಿಲ್ಲ.

ಜೂನ್ 19, ಬುಧವಾರ

ತಪ್ಪೊಪ್ಪಿಗೆ ಸೋಮವಾರ ಬರೆದೆ, ಹರಿದೆ. ಮಂಗಳವಾರ ಬರೆದದ್ದು ಬ್ಯಾಗಿನಲ್ಲೇ ಉಳಿಯಿತು. ಹೆದರಿಕೆ, ಇನ್ನೇನು. ಇವತ್ತು ಕೊಟ್ಟೆ. ಸಾಹೇಬರು ಓದಿದರು. ನಾಲ್ಕಕ್ಕೆ ಕಂಡಕ್ಟರನ್ನು ಸಾಗಿಸುವ ಆರ್ಡರ್ ಆಯಿತು. ನಾಳೆ ವ್ಯಾನ್ ತೆಗೆದುಕೊಂಡು ಹೋಗಬೇಕು. ನಾಡಿದ್ದಿನಿಂದ ನಾನು ಸಸ್ಪೆಂಡ್.

ಜೂನ್ 20, ಗುರುವಾರ, ಮಧ್ಯಾಹ್ನ 3.40, ಆಶ್ರಮದ ಕಾರಿಡಾರ್

ಕಂಡಕ್ಟರ್ ಹಿಮ್ಮಡಿಯಲ್ಲೂ ಹುಣ್ಣು. ಒಂದೇ ವಾರದಲ್ಲಿ ಕಾಲುಗಳು ಕಡ್ಡಿಯಾಗಿವೆ. ನಾನು ಮೂರು ದಿನ ಮೊದಲೇ ಬಂದಿದ್ದರೆ... ಮ್ಯಾನೇಜರಮ್ಮನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ನಿಮ್ಮ ಗುರುತು ಬಿಟ್ಟುಕೊಟ್ಟದ್ದು ನಾನೇ ಎಂದು ಹೇಳಿಬಿಟ್ಟೆ. ಅಳು ಬಂತು.

ತಪ್ಪು ಸ್ಟಾಪಿನಲ್ಲಿ ತಾನೂ ಎಷ್ಟೋ ಜನರನ್ನು ಇಳಿಸಿದ್ದೇನೆ, ಹೋಗಲಿ ಬಿಡು ಎಂದರು. ಬೈದಿದ್ದರೆ ವಾಸಿಯಿತ್ತು.

ಆರ್ಡರ್ ತೋರಿಸಿದೆ. ಒಳ್ಳೆಯ ಜಾಗ, ಇವತ್ತೇ ಹೊರಡೋಣ ಎಂದೆ. ಪಕ್ಕದ ಹಾಸಿಗೆಯ ಕಡೆ ನೋಡಿದರು. "ಇವನ ಹೆಸರೂ ಇದೆಯಾ ಅದ್ರಲ್ಲಿ?"

ಇಲ್ಲ. ರೂಲ್ ಇರುವುದು ದೂರು ಕೊಟ್ಟವರಿಗೆ ಮಾತ್ರ.

"ಹಂಗಾದ್ರೆ ನಾನು ಬರಲ್ಲ ಕಣಮ್ಮ. ಇವನಿಗೆ ಬಾಯಿಲ್ಲ. ನಾನೂ ಹೋದ್ರೆ ಇವನು ಸತ್ರೂ ಯಾರಿಗೂ ಗೊತ್ತಾಗಲ್ಲ."

ಬೇಡಿಕೊಂಡೆ. ಕಾಲು ಹಿಡಿಯಲು ಹೋದೆ, ಹಿಡಿಯುವ ಹಾಗಿಲ್ಲ, ಹುಣ್ಣು. ಗೋಡೆ ಕಡೆ ತಿರುಗಲು ನೋಡಿದರು, ಅದೂ ಆಗಲಿಲ್ಲ. ಕಣ್ಣು ಮುಚ್ಚಿಕೊಂಡರು. ಅವರ ಒಪ್ಪಿಗೆ ಇಲ್ಲದೆ ಸಾಗಿಸುವಂತಿಲ್ಲ. ಆರ್ಡರ್ ಇರುವುದು ಐದು ಗಂಟೆಯವರೆಗೆ. ನಾಳೆ ಈ ಗೇಟಿನೊಳಗೆ ನನ್ನನ್ನು ಬಿಡುವುದೂ ಇಲ್ಲ.

ಕೆಳಗೆ ಡ್ರೈವರ್ ಹಾರ್ನ್ ಹೊಡೆದ. ಎರಡನೇ ಸಲ. ಹೋಗಿ ಏನಂತ ಹೇಳಲಿ ಅವನಿಗೆ... ಖಾಲಿ ವ್ಯಾನ್ ವಾಪಸ್ ತೆಗೆದುಕೊಂಡು ಹೋಗಪ್ಪ, ಇಲ್ಲಿಂದ ಯಾರೂ ಬರುವುದಿಲ್ಲ ಅಂತಲೇ?