ಸ್ಟ್ರೆಚರ್ ಹಿಡಿಸದ ಬಾಗಿಲು

ಟಿಲ್ಬರ್ಗ್ ಡೇಟಾ ಸೆಂಟರಿನ ಭದ್ರತೆಯ ಹೊಣೆ ಹೊತ್ತು, ಟಿಲ್ಬರ್ಗನ್ನು ಒಮ್ಮೆಯೂ ಕಣ್ಣಾರೆ ಕಾಣದ ಮುಖ್ಯಸ್ಥರೇ, ಮಾನ್ಯರೇ,

ಏಪ್ರಿಲ್ ಹದಿನಾಲ್ಕರ ಮಧ್ಯಾಹ್ನ ನಿಮ್ಮ ಕಟ್ಟಡದೊಳಗೆ ನೆಲಕ್ಕೆ ಬಿದ್ದಿದ್ದ ಮನುಷ್ಯನ ಬಳಿಗೆ ಸ್ಟ್ರೆಚರ್ ಒಯ್ಯಲು ನಮಗೆ ಹತ್ತೊಂಬತ್ತು ನಿಮಿಷ ಹಿಡಿಯಿತು. ಗೇಟಿನಿಂದ ಅಲ್ಲಿಗೆ ನಡೆದು ಹೋದರೆ ಎರಡು ನಿಮಿಷದ ದಾರಿ. ಉಳಿದ ಹದಿನೇಳನ್ನು ನಿಮ್ಮ ಭದ್ರತೆ ನುಂಗಿತು. ಅದಕ್ಕಾಗಿ ನೀವು ಕೆಲಸದಿಂದ ತೆಗೆದುಹಾಕಿದ್ದು ಯಾರನ್ನು? ಕಡೆಗೂ ಒಂದು ಬಾಗಿಲು ತೆರೆದುಕೊಟ್ಟ ಕಾವಲುಗಾರ ವರ್ಲಿನ್‌ನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ, ನೋಡಿದ್ದು ಈಗಲೇ.

ನಾನು ಇಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅಯೋವಾ ರಾಜ್ಯದ ಈ ಮೂಲೆಯಲ್ಲಿ ಸಂಬಳದ ಆಂಬುಲೆನ್ಸ್ ಇಲ್ಲ. ಇಪ್ಪತ್ತೆರಡು ವರ್ಷಗಳಿಂದ ನಮ್ಮಂಥ ಹನ್ನೊಂದು ಮಂದಿ ಪುಕ್ಕಟೆಯಾಗಿ ಅದನ್ನು ನಡೆಸುತ್ತಿದ್ದೇವೆ. ಪೇಜರ್ ಕೂಗಿದರೆ ನಾನು ಸೌಟು ಕೆಳಗಿಟ್ಟು ಓಡುತ್ತೇನೆ. ಅಂದು ನನ್ನ ಜೊತೆ ಇದ್ದವಳು ಡಾರ್ಲಾ, ಅಂಚೆ ಕಚೇರಿಯವಳು. ಕರೆ ಬಂದದ್ದು ನಿಮ್ಮ ತಂತ್ರಜ್ಞ ರೋಲಂಡ್‌ಗಾಗಿ. ಕಂಪ್ಯೂಟರುಗಳ ಸಾಲಿನ ನಡುವೆ ಕುಸಿದಿದ್ದಾನೆ, ಬಾಯಿ ಒಂದು ಪಕ್ಕಕ್ಕೆ ಜೋಲುತ್ತಿದೆ, ಮಾತು ತೊದಲುತ್ತಿದೆ ಎಂದರು. ಲಕ್ವ ಎಂದು ತಿಳಿಯಲು ಡಾಕ್ಟರಾಗಬೇಕಿಲ್ಲ. ಅದಕ್ಕೆ ಕೊಡುವ ಔಷಧ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು, ಅದಿರುವ ಆಸ್ಪತ್ರೆ ನಲವತ್ತೆರಡು ಮೈಲಿ ದೂರ.

ಗೇಟಿನಲ್ಲಿ ವರ್ಲಿನ್ ಪಟ್ಟಿ ಹಿಡಿದು ನಿಂತಿದ್ದ.

"ಮಾರ್ಲಿಸ್, ನಿನ್ ಹೆಸ್ರು ಪಟ್ಟೀಲಿಲ್ವಲ್ಲೇ. ಒಳಗ್ ಬರೋರು ಒಂದಿನ ಮುಂಚೆ ಬರಸ್ಬೇಕು."

"ಹೌದೇನೋ? ಹಂಗಾದ್ರೆ ರೋಲಂಡ್ ನಿನ್ನೆನೇ ಹೇಳ್ಬೇಕಿತ್ತು, ನಾಳೆ ಎರಡ್ ಗಂಟೆಗೆ ಬೀಳ್ತೀನಿ ಅಂತ. ನಿನ್ ಮದ್ವೆ ಕೇಕ್ ಮಾಡ್ದೋಳ ಹೆಸ್ರು ನಿಂಗ್ ಗೊತ್ತಿಲ್ವಾ?"

"ನಂಗ್ ಗೊತ್ತು ಕಣೆ. ಒಳಗೆ ಆಡಿಟರ್ ಕೂತವ್ನೆ."

ಆ ದಿನವೇ ನಿಮ್ಮ ವಾರ್ಷಿಕ ಭದ್ರತಾ ತಪಾಸಣೆ. ಬೇರೆ ದಿನವಾಗಿದ್ದರೆ ಏನಾಗುತ್ತಿತ್ತು, ಹೇಳಲೇ? ನಿಮ್ಮ ಕಟ್ಟಡದ ಹಿಂದೆ ಸಾಮಾನು ಇಳಿಸುವ ಬಾಗಿಲೊಂದಿದೆ. ಕೂಲಿಂಗ್ ಯಂತ್ರ ನೋಡಿಕೊಳ್ಳುವ ಗುತ್ತಿಗೆಯವರು ಸಿಗರೇಟಿಗೆ ಹೋಗಿಬರಲು ಅದಕ್ಕೆ ವರ್ಷವಿಡೀ ಒಂದು ಇಟ್ಟಿಗೆ ಒಡ್ಡಿರುತ್ತಾರೆ. ಪಿಜ್ಜಾ ತರುವವನು ಅಲ್ಲಿಂದಲೇ ಒಳಗೆ ಹೋಗುತ್ತಾನೆ. ಊರಿಗೆಲ್ಲ ಗೊತ್ತಿರುವ ಈ ಸಂಗತಿ ಭದ್ರತಾ ಮುಖ್ಯಸ್ಥರಾದ ತಮಗೆ ಗೊತ್ತಿರಲಾರದು, ಏಕೆಂದರೆ ತಪಾಸಣೆಯ ದಿನ ಇಟ್ಟಿಗೆ ತೆಗೆದಿಡುತ್ತಾರೆ. ವರ್ಷದಲ್ಲಿ ಒಂದೇ ದಿನ ನಿಮ್ಮ ನಿಯಮಗಳೆಲ್ಲ ಜಾರಿಗೆ ಬರುತ್ತವೆ, ರೋಲಂಡ್ ಬಿದ್ದದ್ದು ಅದೇ ದಿನ.

ವರ್ಲಿನ್ ಗೇಟು ತೆರೆದ. ಅದು ಅವನ ಮೊದಲ ಅಪರಾಧವಂತೆ. ಮುಂದೆ ನಿಮ್ಮ ಹೆಮ್ಮೆಯ ಗಾಜಿನ ಗೂಡು. ಅದಕ್ಕೆ ಎರಡು ಬಾಗಿಲು, ಒಂದು ಮುಚ್ಚದೆ ಇನ್ನೊಂದು ತೆರೆಯದು. ನಿಂತ ನೆಲವೇ ತೂಕ ನೋಡಿ, ಒಳಗಿರುವುದು ಒಬ್ಬರೇ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ನಾನು ಚೀಲ ಹಿಡಿದು ಒಬ್ಬಳೇ ದಾಟಿದೆ. ಡಾರ್ಲಾ ಸ್ಟ್ರೆಚರಿನೊಡನೆ ಬಂದಳು. ತೂಕ ಹೆಚ್ಚಾಯಿತು, ಇಬ್ಬರಿದ್ದೀರಿ, ಹಿಂದಕ್ಕೆ ಹೋಗಿ ಎಂದಿತು ಯಂತ್ರ. ಅವಳು ಹೊರಗೆ ನಿಂತು ಸ್ಟ್ರೆಚರನ್ನಷ್ಟೇ ತಳ್ಳಿದಳು. ಯಾರೂ ಇಲ್ಲ ಎಂದು ಬಾಗಿಲು ತೆರೆಯಲೇ ಇಲ್ಲ. ತೆರೆದಿದ್ದರೂ ರೋಲಂಡ್‌ನನ್ನು ಅದೇ ಗೂಡಿನಿಂದ ಹೊರಗೆ ತರುವುದು ಹೇಗಿತ್ತು? ಮಲಗಿದವನೊಬ್ಬ, ತಳ್ಳುವವರಿಬ್ಬರು. ನಿಮ್ಮ ಲೆಕ್ಕದಲ್ಲಿ ಕಾಯಿಲೆಯವನು ತನ್ನ ಕಾಲ ಮೇಲೆ ನಡೆದು ಬರಬೇಕು.

ವರ್ಲಿನ್ ನಿಮ್ಮ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದ. ಮೂರು ರಾಜ್ಯ ಆಚೆ ಕೂತ ಯಾರೋ, ಲಿಖಿತ ಮನವಿ ಕಳಿಸಿ ಎಂದರು. ಬೆಂಕಿ ಬಿದ್ದರೆ ಬಾಗಿಲುಗಳೆಲ್ಲ ತಾವಾಗಿ ತೆರೆಯುತ್ತವಂತೆ, ಆದರೆ ಗೋಡೆಯ ಮೇಲಿನ ಬೆಂಕಿ ಅಲಾರಮ್ಮಿನ ಹಿಡಿ ಎಳೆದರೆ ರೋಲಂಡ್ ಮಲಗಿದ್ದ ಕೋಣೆಗೇ ಬೆಂಕಿ ಆರಿಸುವ ಗ್ಯಾಸ್ ನುಗ್ಗುತ್ತದೆ. ನಿಮ್ಮ ಕೆಲಸಗಾರನಿಗೆ ಬೆಂಕಿ ಹೊತ್ತಿಕೊಳ್ಳಬಹುದು ಎಂದು ಯೋಚಿಸಿದ ನೀವು, ಅವನಿಗೆ ಕಾಯಿಲೆ ಬರಬಹುದು ಎಂದು ಮಾತ್ರ ಯೋಚಿಸಲಿಲ್ಲ.

ಒಳಗೆ ನಾನು ತಣ್ಣನೆ ನೆಲದ ಮೇಲೆ ಕೂತು ರೋಲಂಡ್‌ನ ಬಲಗೈ ಹಿಡಿದಿದ್ದೆ. ಹಿಡಿತ ಸಡಿಲವಾಗುತ್ತ ಹೋಗುವುದು ನನಗೆ ತಿಳಿಯುತ್ತಿತ್ತು. ಏನೂ ಮಾಡಲಾಗದೆ ಕೂತಿದ್ದೆ. ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದಿಲ್ಲ.

ಕೊನೆಗೆ ವರ್ಲಿನ್ ಎದ್ದು, ಆಡಿಟರ್ ನೋಡುತ್ತಿದ್ದಂತೆಯೇ, ತನ್ನ ಕಾರ್ಡು ತೋರಿಸಿ ಸಾಮಾನು ಇಳಿಸುವ ಹಿಂಬಾಗಿಲು ತೆರೆದ. "ಬಾರೇ ಡಾರ್ಲಾ, ಇನ್ನೇನ್ ಆಗತ್ತೋ ಆಗ್ಲಿ," ಅಂದನಂತೆ. ಸ್ಟ್ರೆಚರ್ ಒಂದೇ ಏಟಿಗೆ ಒಳಗೆ ಬಂತು.

ನಿಮ್ಮ ಕಟ್ಟಡದ ಬಗ್ಗೆ ನನಗೆ ತಾತ್ಸಾರವಿಲ್ಲ. ಊರಿನ ಅರ್ಧ ವೆಬ್‌ಸೈಟುಗಳು ಅಲ್ಲೇ ಇವೆ: ಶಾಲೆಯ ಊಟದ ಪಟ್ಟಿ, ಲೂಥರನ್ ಚರ್ಚಿನ ಪೈ ತಿಂಡಿ ಮಾರಾಟ, ನಮ್ಮ ಆಂಬುಲೆನ್ಸಿನವರ ಸರದಿ ಪಟ್ಟಿ ಕೂಡ. ಅಂದರೆ ಅಂದು ನನ್ನ ಹೆಸರು ನಿಮ್ಮ ಕಟ್ಟಡದೊಳಗೇ ಇತ್ತು, ಗೇಟಿನಲ್ಲಿ ಮಾತ್ರ ಇರಲಿಲ್ಲ. ನಿಮ್ಮಲ್ಲಿ ಎರಡು ಕಡೆಯಿಂದ ವಿದ್ಯುತ್ ಬರುತ್ತದೆ; ಎರಡೂ ಹೋದರೆ ಜನರೇಟರ್, ಅದಕ್ಕೆ ಮೂರು ದಿನಕ್ಕಾಗುವಷ್ಟು ಡೀಸೆಲ್. ಒಂದು ಯಂತ್ರ ಕೆಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಅದರ ಕೆಲಸ ಹಿಡಿಯುತ್ತದೆ. ಪೈ ಮಾರಾಟದ ಪುಟ ಒಂದು ಕ್ಷಣವೂ ಮರೆಯಾಗಬಾರದು ಎಂದು ಇಷ್ಟೆಲ್ಲ ಮಾಡಿದವರಿಗೆ, ಯಂತ್ರ ರಿಪೇರಿ ಮಾಡುವವನಿಗಾಗಿ ಅಗಲವಾದ ಬಾಗಿಲೊಂದು ಹೊಳೆಯಲಿಲ್ಲವೇ?

ವರ್ಲಿನ್‌ಗೆ ಬಂದ ವಜಾ ಪತ್ರದ ಜೊತೆ ತಪಾಸಣೆಯ ವರದಿಯ ಒಂದು ಪುಟವಿತ್ತು. ಅದನ್ನು ನಾನು ಓದಿದೆ. ಹಿಂಬಾಗಿಲಿಗೆ ಅನುತ್ತೀರ್ಣ: "ಅನುಮತಿಯಿಲ್ಲದ ವ್ಯಕ್ತಿಯ ಪ್ರವೇಶ." ಗಾಜಿನ ಗೂಡಿಗೆ ಉತ್ತೀರ್ಣ: "ಒಬ್ಬರಿಗಿಂತ ಹೆಚ್ಚು ಜನರ ಪ್ರವೇಶವನ್ನು ಸಮರ್ಪಕವಾಗಿ ತಡೆದಿದೆ." ರೋಲಂಡ್‌ನ ಹೆಸರು ಎಲ್ಲಿಯೂ ಇಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಈಗ ಆ ಹಿಂಬಾಗಿಲಿಗೂ ಎರಡು ಬೀಗ ಹೆಚ್ಚಿಗೆ ಬಿದ್ದಿವೆಯಂತೆ. ಸ್ಟ್ರೆಚರನ್ನು ಒಳಗೆ ಬಿಟ್ಟದ್ದು ಅದೊಂದೇ ಬಾಗಿಲು.

ಹೋದ ಭಾನುವಾರ ರೋಲಂಡ್‌ನನ್ನು ನೋಡಿ ಬಂದೆ. ಬದುಕಿದ್ದಾನೆ. ಬೆರಳುಗುರಿನಷ್ಟು ಸಣ್ಣ ತಿರುಪುಗಳನ್ನು ನೋಡದೆಯೇ ಬಿಗಿಯುತ್ತಿದ್ದ ಬಲಗೈ ಈಗ ಫೋರ್ಕ್ ಹಿಡಿಯದು. ಹೆಂಡತಿ ಆಲೂಗಡ್ಡೆ ಕತ್ತರಿಸಿ ಕೊಟ್ಟಳು. ಅವನು ಬಹಳ ಹೊತ್ತು ಪ್ರಯತ್ನಪಟ್ಟು ಒಂದು ಮಾತು ಹೊರಡಿಸಿದ: "ವರ್... ವರ್ಲಿನ್... ಕೆಲ್ಸ?" ಹೋಯಿತು ಎಂದು ಹೇಳಲು ನನ್ನಿಂದಾಗಲಿಲ್ಲ. ವಾಪಸ್ ಕರೀತಾರೆ ಎಂದು ಸುಳ್ಳು ಹೇಳಿ ಬಂದೆ.

ಆ ಸುಳ್ಳನ್ನು ನಿಜ ಮಾಡುವುದು ನಿಮ್ಮ ಕೈಯಲ್ಲಿದೆ. ವರ್ಲಿನ್‌ನ ಮೇಲ್ಮನವಿ ನಿಮ್ಮ ಮೇಜಿನ ಮೇಲಿದೆ. ಅವನನ್ನು ವಾಪಸ್ ಕರೆಯಿರಿ. ಸ್ಟ್ರೆಚರ್ ಹಿಡಿಸುವಂಥ, ಕಾವಲುಗಾರ ಯಾರನ್ನೂ ಕೇಳದೆ ತೆರೆಯಬಹುದಾದ ಬಾಗಿಲೊಂದನ್ನು ಮಾಡಿಸಿ. ಇದು ಅತಿಯಾಯಿತು ಎನಿಸಿದರೆ ಒಂದು ದಿನ ಟಿಲ್ಬರ್ಗಿಗೆ ದಯಮಾಡಿಸಿ. ನಿಮ್ಮ ಯಂತ್ರಗಳ ನಡುವೆ, ರೋಲಂಡ್ ಬಿದ್ದಿದ್ದ ಜಾಗದಲ್ಲೇ, ಅಂಗಾತ ಮಲಗಿ. ಡಾರ್ಲಾ ಮತ್ತು ನಾನು ಸ್ಟ್ರೆಚರ್ ತಳ್ಳಿಕೊಂಡು ಮುಂಬಾಗಿಲಿಗೆ ಬರುತ್ತೇವೆ. ನೀವು ಬಾಯಿ ಬಿಡಬಾರದು, ಬಲಗೈ ಎತ್ತಬಾರದು. ಮಲಗಿದಲ್ಲೇ ಹತ್ತೊಂಬತ್ತು ನಿಮಿಷ ಎಣಿಸಿ.

ಇಂತಿ,
ನಿಮ್ಮಲ್ಲಿಂದ ಮುಂದಿನ ಕರೆ ಬಂದರೂ ಬರಲೇಬೇಕಾದವಳು,
ಮಾರ್ಲಿಸ್ ಹಾಗನ್
ಟಿಲ್ಬರ್ಗ್ ಸ್ವಯಂಸೇವಾ ಆಂಬುಲೆನ್ಸ್